ಅರ್ಧ ಮಾತ್ರೆ

ಫರೀದಾ ಸೀರೆಯನ್ನು ವಾಪಸ್ ತಂದು ದಿವಾನದ ಮೇಲೆ ಬಿಚ್ಚಿ ಹರಡಿದಾಗ ನಾಗಲಕ್ಷ್ಮಿಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಹಿದುಕಿದ ಅವರೆಕಾಳಿನ ಸಿಪ್ಪೆ ಇನ್ನೂ ಬಾಗಿಲ ಪಕ್ಕದ ಮೊರದಲ್ಲೇ ಇತ್ತು. ಮದುವೆ ಹೆಣ್ಣಿನ ಸೀರೆ, ಕಡುನೀಲಿ ಸೆರಗು. ಸೆರಗಿನ ಅಂಚಿಗೆ ರೇಷ್ಮೆ ದಾರ ಸೇರಿಸಿ, ಗಂಟು ಹಾಕಿ, ಮಣಿ ಪೋಣಿಸಿ ಕುಚ್ಚು ಕಟ್ಟಿಕೊಟ್ಟವಳು ಅವಳೇ.

"ಅಕ್ಕಾ, ಇಲ್ಲೀವರ್ಗೂ ನೀಲಿ ದಾರ. ಇಲ್ಲಿಂದ ಆಚೆಗೆ ಕಪ್ಪು" ಎಂದು ಫರೀದಾ ಬೆರಳಿಟ್ಟು ತೋರಿಸಿದಳು. "ಮಣೀನೂ ಮೂರು ಕಡೆ ಬಿಟ್ಟೋಗಿದೆ."

ಫರೀದಾ ವಿದ್ಯಾರಣ್ಯಪುರದಲ್ಲಿ ಬ್ಲೌಸ್ ಹೊಲಿಯುವ, ಫಾಲ್ ಹಚ್ಚುವ ಅಂಗಡಿ ಇಟ್ಟವಳು. ಕುಚ್ಚಿನ ಕೆಲಸವನ್ನೆಲ್ಲ ಬಹಳ ವರ್ಷದಿಂದ ಪಕ್ಕದ ಸಿಂಗಾಪುರ ಬಡಾವಣೆಯ ಈ ಮನೆಗೇ ತಂದು ಹಾಕುತ್ತಿದ್ದಳು. ಒಮ್ಮೆಯೂ ಒಂದು ಗಂಟು ಬಿಚ್ಚಿಸಿದವಳಲ್ಲ. ಇವತ್ತೂ ಜೋರು ಮಾಡಲಿಲ್ಲ. ಅವಳು ಜೋರು ಮಾಡಿದ್ದರೆ ನಾಗಲಕ್ಷ್ಮಿಗೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ಇಂದು, ಅವಳ ಮಗಳು, ಕಾಲೇಜಿನಿಂದ ಬಂದು, ಅಮ್ಮನ ಪಕ್ಕ ಕೂತು, ಕಪ್ಪು ದಾರವನ್ನೆಲ್ಲ ಬಿಚ್ಚಿ ನೀಲಿ ಕಟ್ಟಿದಳು. 

ಈ ಮನೆಯಲ್ಲಿ ಇರುವುದು ನಾಲ್ಕೇ ಜನ. ನಾಗಲಕ್ಷ್ಮಿ, ಗಂಡ ಉಮೇಶ, ಅತ್ತೆ ಗೋಪಾಲಮ್ಮ, ಇಂದು. ಹಿಂದೆ ಇಲ್ಲಿ ರಾಗಿ ಹೊಲವಿತ್ತು. ಈಗ ಮೂರಂತಸ್ತಿನ ಮನೆ, ಮೇಲೆ ಬಾಡಿಗೆಯವರು. ಉಮೇಶನಿಗೆ ಒಂದು ನೀರಿನ ಟ್ಯಾಂಕರ್ ಇದೆ, ತಾನೇ ಓಡಿಸುತ್ತಾನೆ. ಬೇಸಿಗೆ ಬಂತೆಂದರೆ ಅವನು ಮನೆಗೆ ನೆಂಟ. ಇಂದು ಯಲಹಂಕದಲ್ಲಿ ಬಿ.ಕಾಂ. ಕೊನೇ ವರ್ಷ. ಬೆಳಗಿನ ಅಡುಗೆಮನೆ ಗೋಪಾಲಮ್ಮನದು, ಉಳಿದ ಹೊತ್ತಿನದು ನಾಗಲಕ್ಷ್ಮಿಯದು. ಅತ್ತೆ ಸೊಸೆಯ ನಡುವೆ ಹೀಗೆ ಹೊತ್ತು ಹಂಚಿಕೆಯಾದದ್ದು ಜಗಳದಿಂದಲ್ಲ, ಕಾಯಿಲೆಯಿಂದ.

ನಾಲ್ಕು ವರ್ಷದ ಹಿಂದೆ ನಾಗಲಕ್ಷ್ಮಿಯ ಬೆರಳ ಗೆಣ್ಣುಗಳೆಲ್ಲ ಊದಿಕೊಂಡವು. ಮಣಿಕಟ್ಟು, ಮಂಡಿ, ಕೊನೆಗೆ ದವಡೆಯೂ. ಬೆಳಿಗ್ಗೆ ಎದ್ದರೆ ಕೈ ಮುಷ್ಟಿಯೂ ಆಗುತ್ತಿರಲಿಲ್ಲ, ಬಿಚ್ಚಿಕೊಳ್ಳುತ್ತಲೂ ಇರಲಿಲ್ಲ. ಎಂಟು ತಿಂಗಳು ಗೋಪಾಲಮ್ಮನೇ ಸೊಸೆಗೆ ಸ್ನಾನ ಮಾಡಿಸಿದರು, ತಲೆ ಬಾಚಿದರು, ಲಂಗದ ಲಾಡಿ ಕಟ್ಟಿದರು, ತುತ್ತು ಮಾಡಿ ಬಾಯಿಗಿಟ್ಟರು. ಆಮೇಲೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಡಾಕ್ಟರು ಇದು ಸಂಧಿವಾತ, ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬಿದ್ದಿರುವ ರೋಗ ಎಂದು ಹೇಳಿ ಮಾತ್ರೆಗಳನ್ನು ಬರೆದುಕೊಟ್ಟರು. ಅದರಲ್ಲೊಂದು ಸ್ಟೆರಾಯ್ಡ್. ಹತ್ತೇ ದಿನಕ್ಕೆ ನಾಗಲಕ್ಷ್ಮಿ ತಾನೇ ತಲೆ ಬಾಚಿಕೊಂಡಳು. ಗೋಪಾಲಮ್ಮ ಆ ಮಾತ್ರೆಯ ಹಾಳೆಗೆ ಕುಂಕುಮ ಇಟ್ಟು ದೇವರ ಗೂಡಿನಲ್ಲಿಟ್ಟರು.

ಡಾಕ್ಟರು ಮಾತ್ರ ಅಷ್ಟು ಖುಷಿಪಡಲಿಲ್ಲ. ಈ ಮಾತ್ರೆ ಬೇಗ ಇಳಿಸಬೇಕು, ಸಕ್ಕರೆ ನೋಡಿಸುತ್ತಿರಬೇಕು, ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಬೇಕು ಎಂದರು. ಎರಡರಿಂದ ಒಂದೂವರೆ, ಒಂದು, ಕೊನೆಗೆ ಅರ್ಧ. ಸಕ್ಕರೆ ನೋಡಿಸಿದರು, ಸ್ವಲ್ಪ ಏರಿತ್ತು, ಅದಕ್ಕೂ ಒಂದು ಮಾತ್ರೆ ಬಂತು. ಕಣ್ಣಿನ ಮಾತನ್ನು ನಾಗಲಕ್ಷ್ಮಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಜಿಗೆ ದಾರ ಪೋಣಿಸುವವಳ ಕಣ್ಣಿಗೆ ಏನಾಗಿದೆ ಎಂದು ತೋರಿಸುವುದು? ಅರ್ಧ ಮಾತ್ರೆಗೆ ಇಳಿದ ಮೇಲೂ, ಮೊದಲ ನಾಲ್ಕೈದು ದಿನ ಬಿಟ್ಟರೆ, ಅವಳ ಕೈ ಚೆನ್ನಾಗೇ ಆಡಿತು. ಡಾಕ್ಟರಿಗೇ ಆಶ್ಚರ್ಯವಾಯಿತು. ಬೀದಿಯ ಹೆಂಗಸರೆದುರು ಅವಳು ಅದನ್ನು ಹೇಳಿಕೊಂಡು ಮೆರೆದಳು. ಮುಖ ದುಂಡಗಾಗಿತ್ತು, ಕತ್ತಿನ ಹಿಂದೆ ಮಾಂಸ ತುಂಬಿತ್ತು. ನೋಡಿದವರು ಮೈ ಕೈ ತುಂಬಿಕೊಂಡಿದ್ದೀಯ, ಈಗ ಕಳೆ ಬಂತು ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ಗೋಪಾಲಮ್ಮ ಒಂದು ಲೋಟ ರಾಗಿ ಗಂಜಿ, ತಟ್ಟೆಯ ಅಂಚಿನಲ್ಲಿ ಮುರಿದ ಅರ್ಧ ಮಾತ್ರೆ ತಂದಿಡುತ್ತಿದ್ದರು. ಕಾಯಿಲೆಯ ದಿನಗಳಲ್ಲಿ ಶುರುವಾದ ಪದ್ಧತಿ, ಹಾಗೇ ಉಳಿದುಕೊಂಡಿತ್ತು.

ಕುಚ್ಚಿನ ತಪ್ಪು ಮೊದಲನೆಯದೇನೂ ಆಗಿರಲಿಲ್ಲ. ವರ್ಷದಿಂದ ನಾಗಲಕ್ಷ್ಮಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ತಾನೇ ಹಾಕಿದ ರಂಗೋಲಿಯನ್ನು ತಾನೇ ತುಳಿಯುತ್ತಿದ್ದಳು. ಬಿಸಿಲಿಗೆ ಹೋದರೆ ಎದುರು ಬಂದವರ ಮುಖವೆಲ್ಲ ಬಿಳುಚಿಕೊಂಡು ಗುರುತು ಸಿಗುತ್ತಿರಲಿಲ್ಲ. ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಗಾಜು ಬದಲಾಯಿಸಿದ್ದಾಯಿತು. ನಲವತ್ತಾರಕ್ಕೇ ಮುದುಕಿಯಾದೆಯಲ್ಲೇ ಎಂದು ಉಮೇಶ ರೇಗಿಸುತ್ತಿದ್ದ. ಫೆಬ್ರವರಿ ಮೊದಲ ವಾರ ಒಂದು ಮಧ್ಯಾಹ್ನ ಮುದ್ದೆಗೆ ಬಸ್ಸಾರು ಬಡಿಸಲು ಹೋಗಿ ಅವಳು ತಟ್ಟೆಯ ಆಚೆ, ಅವನ ಕೈಮೇಲೆ ಸುರಿದಳು. ಅವನು ರೇಗಿ, ಎಲ್ಲಿಟ್ಟುಕೊಂಡಿದ್ದೀಯ ಕಣ್ಣು ಎಂದು ಕೂಗಿ, ಮುದ್ದೆಯನ್ನು ಬಿಟ್ಟೆದ್ದು ಹೋದ. ಮಾರನೇ ದಿನವೇ ಇಂದು ಕಾಲೇಜಿಗೆ ಚಕ್ಕರ್ ಹಾಕಿ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ದೊಡ್ಡ ಡಬ್ಬಿಯೊಳಗೆ ಮುಖ ಇಟ್ಟು ಕೂರಿಸಿದರು. ಒಳಗೆ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾಗಲಕ್ಷ್ಮಿ ಶಿಸ್ತಾಗಿ ಕೂತು ಕಾದಳು. ಯಂತ್ರ ಇನ್ನೂ ಶುರುವಾಗಿಲ್ಲವೇನೋ ಎಂದುಕೊಂಡಳು.

"ಒತ್ತಿ ಆಂಟಿ" ಎಂದಳು ಪಕ್ಕದಲ್ಲಿ ನಿಂತ ಹುಡುಗಿ.

"ಚುಕ್ಕಿ ಬರ್ಲಿ, ಒತ್ತತೀನಿ."

ಹುಡುಗಿ ಮತ್ತೆ ಮಾತಾಡಲಿಲ್ಲ. ಆ ಸುಮ್ಮನಿರುವಿಕೆಯಲ್ಲೇ ನಾಗಲಕ್ಷ್ಮಿಗೆ ವಿಷಯ ತಿಳಿಯಿತು.  ಅಲ್ಲಿಂದ ಮುಂದಕ್ಕೆ ಯಾರೇನು ಹೇಳಿದರೂ ಅವಳಿಗೆ ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ ಕೇಳುತ್ತಿತ್ತು.

ಕಣ್ಣಿನ ಡಾಕ್ಟರು ಹೆಂಗಸು, ನಿಧಾನವಾಗಿ ಬಿಡಿಸಿ ಹೇಳಿದರು. ಎರಡೂ ಕಣ್ಣಲ್ಲಿ ಪೊರೆ ಇದೆ, ಅದನ್ನು ತೆಗೆಯಬಹುದು. ಆದರೆ ಒಳಗೆ ಒತ್ತಡ ಏರಿ ಏರಿ ಬಲಗಣ್ಣಿನ ನರ ಸತ್ತಿದೆ, ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಎಡಗಣ್ಣಲ್ಲಿ ಸುತ್ತಲಿನ ನೋಟ ಹೋಗಿದೆ, ನಡುವಿನದು ಉಳಿದಿದೆ. ಹೋದದ್ದು ವಾಪಸ್ ಬರುವುದಿಲ್ಲ. ಎಡಗಣ್ಣಲ್ಲಿ ಉಳಿದಿರುವುದನ್ನಾದರೂ ಕಾಪಾಡಿಕೊಳ್ಳಬೇಕು, ಅದೂ ಬೇಗ. ಒತ್ತಡ ಇಳಿಸಲು ಡ್ರಾಪ್ಸ್ ಬರೆದರು. ಆಮೇಲೆ ಸ್ಟೆರಾಯ್ಡ್ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು.

"ಅರ್ಧ ಮಾತ್ರೆ ಮೇಡಂ, ಮೂರು ವರ್ಷದಿಂದ" ಎಂದು ಇಂದು ಚೀಟಿ ಮುಂದೆ ಹಿಡಿದಳು.

ಡಾಕ್ಟರು ಚೀಟಿ ನೋಡಿದರು, ನಾಗಲಕ್ಷ್ಮಿಯ ದುಂಡು ಮುಖ ನೋಡಿದರು. ಯಾವುದಾದರೂ ನಾಟಿ ಔಷಧಿ, ಪುಡಿ, ಲೇಹ್ಯ ಏನಾದರೂ ಉಂಟೇ ಎಂದು ಕೇಳಿದರು. ನಾಗಲಕ್ಷ್ಮಿ ಇಲ್ಲವೆಂದಳು.

"ಅರ್ಧ ಮಾತ್ರೇಲಿ ಇಷ್ಟಾಗೋದು ಕಮ್ಮಿ. ಮನೇಲಿ ಕೂತು ಯೋಚ್ನೆ ಮಾಡಿ, ನಿಮ್ಮ ಕೀಲಿನ ಡಾಕ್ಟ್ರಿಗೆ ನಿಜ ಹೇಳಿ. ಅದು ಗೊತ್ತಾಗ್ದೆ ನಾನು ಆಪರೇಶನ್ ಮಾಡಕ್ಕಾಗಲ್ಲ. ಇನ್ನೊಂದು, ಈ ಮಾತ್ರೇನ ಗಾಬರಿ ಬಿದ್ದು ಒಂದೇ ಸಲ ನಿಲ್ಸಬೇಡಿ. ಜೀವಕ್ಕೇ ಅಪಾಯ."

ಮನೆಯಲ್ಲಿ ಉಮೇಶ ಮೊದಲು ಹಗುರವಾಗೇ ತೆಗೆದುಕೊಂಡ. ಪೊರೆ ತಾನೇ, ನಮ್ಮ ಬೀದಿಯ ಮುನಿರಾಮಯ್ಯನಿಗೆ ಕಣ್ಣಿನ ಕ್ಯಾಂಪಿನಲ್ಲಿ ಅರ್ಧ ಗಂಟೆಯಲ್ಲಿ ತೆಗೆದು ಕಪ್ಪು ಕನ್ನಡಕ ಹಾಕಿ ಕಳಿಸಿದರು ಎಂದ. ಇಂದು ಕೂರಿಸಿ ವಿವರಿಸಿದ ಮೇಲೆ ಅವನು ಎದ್ದು ಹೊರಗೆ ಹೋಗಿ ಟ್ಯಾಂಕರಿನ ಚಕ್ರದ ಹತ್ತಿರ ಸುಮ್ಮನೆ ನಿಂತ. ಗೋಪಾಲಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಸಾಸಿವೆ ಸೀದುಹೋಗುವವರೆಗೂ ಸೌಟು ಹಿಡಿದು ನಿಂತೇ ಇದ್ದರು. ಆ ರಾತ್ರಿ ಅವರು ಊಟ ಬೇಡವೆಂದರು. ಉಳಿದ ಮೂವರು ತಿಂದರು. ನಾಗಲಕ್ಷ್ಮಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳಿಗೆ ಬೇಗ ಎಚ್ಚರವಾಯಿತು. ಬರಿಗಾಲಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದಳು. ಗೋಪಾಲಮ್ಮ ಈಚೆಗೆ ಬೆನ್ನು ಮಾಡಿ, ತಟ್ಟೆಯೊಂದರಲ್ಲಿ ಏನನ್ನೋ ಲೋಟದ ತಳದಿಂದ ಅರೆಯುತ್ತಿದ್ದರು. ಬಿಳಿ ಪುಡಿ. ಅದನ್ನು ಬೆರಳಿಂದ ಒರೆಸಿ ಒರೆಸಿ ಗಂಜಿಗೆ ಹಾಕಿದರು, ಚಮಚದಲ್ಲಿ ಕದಡಿದರು. ಪಕ್ಕದಲ್ಲಿ ಮಾತ್ರೆಯ ಹಾಳೆ. ಆ ಹಾಳೆಯ ಬಣ್ಣ ನಾಗಲಕ್ಷ್ಮಿಗೆ ಚೆನ್ನಾಗಿ ಗೊತ್ತು.

"ಎಷ್ಟು ಹಾಕಿದ್ರಿ ಅತ್ತೆ?"

ಗೋಪಾಲಮ್ಮ ತಿರುಗಿದರು. ಮುಚ್ಚಿಡಲು ಹೋಗಲಿಲ್ಲ.

"ಎಲ್ಡು."

"ಯಾವಾಗಿಂದ?"

"ನೀನು ಅರ್ಧಕ್ಕಿಳಿಸ್ದಾಗಿಂದ. ನಾಕ್ನೇ ದಿನಕ್ಕೆ ನಿನ್ ಕೈ ತಿರ್ಗಾ ಮುಚ್ಕಂತು. ಲಾಡಿ ಕಟ್ಟು ಬಾ ಅತ್ತೆ ಅಂತ ನನ್ನ ಕರ್ದೆ. ನಾನ್ ಬಗ್ಗಿ ಕಟ್ತಾ ಇದ್ರೆ ನಿನ್ ಕಣ್ಣೀರು ನನ್ ಕೈಮ್ಯಾಲೆ ಬಿತ್ತು. ನೋಡಕ್ಕಾಗ್ಲಿಲ್ಲ ಕಣವ್ವ. ಅಳೇ ಚೀಟಿ ತೋರ್ಸಿದ್ರೆ ಮೆಡಿಕಲ್ಲೋನು ಕೊಡ್ತಾನೆ."

ಕೊಂಚ ಹೊತ್ತಿನ ಮೇಲೆ ಅವರೇ ಮತ್ತೆ ಹೇಳಿದರು. ಸೊಸೆ ಮತ್ತೆ ಹಾಸಿಗೆ ಹಿಡಿದರೆ ತನ್ನ ಕೈಲೂ ಇನ್ನು ಆಗುವುದಿಲ್ಲ, ಎಪ್ಪತ್ತೆರಡಾಯಿತು, ಈ ಮನೆ ನಿಂತುಹೋಗುತ್ತದೆ ಎಂದು ಹೆದರಿದ್ದೂ ನಿಜ ಎಂದರು. ಕಣ್ಣಿಗೆ ಹೀಗಾಗುತ್ತದೆ ಎಂದು ಯಾರು ಕಂಡಿದ್ದರು?

"ಮೊನ್ನೆ ಇಂದು ಬಂದು ಅಷ್ಟೆಲ್ಲ ಹೇಳಿದ್ಮೇಲೂ ಹಾಕ್ತಿದೀರಲ್ಲ?"

"ನಿಲ್ಸಿದ್ರೆ ಜೀವಕ್ಕೇ ಅಪಾಯ ಅಂತ ಅವ್ಳೇ ಏಳಿದ್ಲಲ್ಲ."

ನಾಗಲಕ್ಷ್ಮಿ ಸಿಟ್ಟು ಬರುತ್ತದೆ ಎಂದು ಕಾದಳು. ಬರಲಿಲ್ಲ. ಅಳು ಬರಬಹುದು ಎಂದುಕೊಂಡಳು. ಅದೂ ಇಲ್ಲ. ಲೋಟ ತೆಗೆದುಕೊಂಡು ಗಂಜಿ ಕುಡಿದಳು, ಬಿಸಿ ಸರಿಯಾಗಿತ್ತು. ಉಮೇಶನಿಗೆ ಹೇಳುತ್ತೀಯಾ ಎಂದು ಗೋಪಾಲಮ್ಮ ಕೇಳಿದರು. ಅವಳು ಲೋಟ ತೊಳೆದಿಟ್ಟು ನೀರು ಹಿಡಿಯಲು ಹೋದಳು.

ಕೀಲಿನ ಡಾಕ್ಟರ ಹತ್ತಿರ ಉಮೇಶನೂ ಬಂದ. ಅವತ್ತು ಟ್ಯಾಂಕರ್ ನಿಲ್ಲಿಸಿ ಬಂದಿದ್ದ, ಅಂಗಿ ಬದಲಾಯಿಸಿದ್ದ. ಡಾಕ್ಟರು ಕಣ್ಣಿನ ಆಸ್ಪತ್ರೆಯ ಕಾಗದ ಓದಿ, ಕನ್ನಡಕ ತೆಗೆದಿಟ್ಟು, ನಿಜ ಹೇಳಮ್ಮ ಎಂದರು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಯೋಚಿಸಿರಲೇ ಇಲ್ಲ.

"ದಿನಾ ಎರಡು ಜಾಸ್ತಿ ಹೋಗ್ತಿತ್ತು ಸಾರ್. ನಾನೇ ತಗೋತಿದ್ದೆ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು, ತಾನು ಏನು ಹೇಳಿದೆ ಎಂದು. ಸುಳ್ಳು ಹೇಳುವ ಆಸೆಯಿಂದ ಹೇಳಿದ್ದಲ್ಲ. ನಿಜ ಹೇಳಿದರೆ ಉಮೇಶ ಏನು ಮಾಡುತ್ತಾನೆಂದು ಅವಳಿಗೆ ಗೊತ್ತು. ತಾಯಿಯನ್ನು ಅದೇ ಸಂಜೆ ಚಿಕ್ಕಬಾಣಾವರದ ಅಕ್ಕನ ಮನೆಗೆ ಬಿಟ್ಟು ಬರುತ್ತಾನೆ. ಹೋದ ಕಣ್ಣು ಹೋದ ಹಾಗೇ ಇರುತ್ತದೆ, ಮನೆಯಲ್ಲಿ ಇನ್ನೊಂದು ರಂಪ ಸೇರುತ್ತದೆ. ಅದನ್ನೆಲ್ಲ ನಿಂತು ನೋಡುವ ತ್ರಾಣ ಅವಳಲ್ಲಿ ಇರಲಿಲ್ಲ. ಡಾಕ್ಟರು ಬೈದರು. ಆಮೇಲೆ ಹೊಸ ಚೀಟಿಯಲ್ಲಿ ವಾರಕ್ಕಿಷ್ಟು, ವಾರಕ್ಕಿಷ್ಟು ಎಂದು ಇಳಿಸುವ ಕ್ರಮ ಬರೆದು, ಕೀಲಿಗೆ ಬೇರೆ ಔಷಧಿ ಸೇರಿಸಿದರು. ಅದು ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಅಲ್ಲೀವರೆಗೆ ಕೈ ನೋಯುತ್ತದೆ, ತಡೆದುಕೊಳ್ಳಬೇಕು ಎಂದರು.

ಉಮೇಶ ಮನೆಗೆ ಬಂದವನೇ ಶುರು ಮಾಡಿದ.

"ಕುಚ್ಚು ಕಟ್ಟಿ ಯಾರನ್ನ ಸಾಕ್ಬೇಕಿತ್ತು ನಿಂಗೆ? ನಾನೇನ್ ಸತ್ತೋಗಿದ್ನಾ?"

"ಕೈ ನೋಯ್ತಿತ್ತು ಕಣ್ರೀ."

"ನೋಯ್ತಿದ್ರೆ ಬಾಯ್ಬಿಟ್ಟು ಹೇಳ್ಬೇಕು. ಕದ್ದು ತಿನ್ನೋದಾ?"

ಇಂದುವಿಗೆ ಇನ್ನೂ ಹೆಚ್ಚು ನೋವಾಗಿತ್ತು. "ನಾನು ಆ ಮೇಡಂ ಮುಂದೆ ಅರ್ಧ ಅರ್ಧ ಅಂತ ಹೇಳ್ತಾ ಕೂತಿದ್ನಲ್ಲಮ್ಮ. ನನ್ನ ಹತ್ರಾನೂ ಹೇಳ್ಲಿಲ್ವಲ್ಲ" ಎಂದು ಬ್ಯಾಗನ್ನು ಕುರ್ಚಿಯ ಮೇಲೆಸೆದು ತಾರಸಿ ಹತ್ತಿದಳು.

ಗೋಪಾಲಮ್ಮ ಬಾಗಿಲ ಹತ್ತಿರ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ತಲೆ ಎತ್ತಲಿಲ್ಲ. ಈಗ ಹೇಳುತ್ತಾರೆ ಎಂದು ನಾಗಲಕ್ಷ್ಮಿ ಕಾದಳು. ಒಂದು ಕಟ್ಟು ಸೊಪ್ಪು ಮುಗಿಯಿತು. ಗೋಪಾಲಮ್ಮ ಇನ್ನೊಂದು ಕಟ್ಟಿನ ದಾರ ಬಿಚ್ಚಿದರು. ನಾಗಲಕ್ಷ್ಮಿ ಕಾಯುವುದನ್ನು ಬಿಟ್ಟಳು.

ಅಲ್ಲಿಂದ ಮುಂದಿನ ವಾರಗಳು ಹೇಗೋ ಸರಿದವು. ಮಾತ್ರೆ ಇಳಿದ ಹಾಗೆಲ್ಲ ಕೈ ಊದಿತು. ಮೊದಲು ಸೂಜಿ ಬಿಟ್ಟಳು, ಆಮೇಲೆ ಚಾಕು, ಆಮೇಲೆ ಲಟ್ಟಣಿಗೆ. ಗೋಪಾಲಮ್ಮನ ಬೆಳಗು ಸೊಸೆಯ ಆರೈಕೆಗೇ ಹೋಗುತ್ತಿತ್ತು, ಇಂದು ಐದಕ್ಕೆದ್ದು ಚಿತ್ರಾನ್ನವೋ ಉಪ್ಪಿಟ್ಟೋ ಮಾಡಿ ಕಾಲೇಜಿಗೆ ಓಡುತ್ತಿದ್ದಳು, ಅಮ್ಮನ ಜೊತೆ ಬೇಕಾದಷ್ಟೇ ಮಾತು. ಉಮೇಶ ಮಧ್ಯಾಹ್ನ ಮನೆಗೆ ಬರುವುದನ್ನು ನಿಲ್ಲಿಸಿ, ಕೊಡಿಗೇಹಳ್ಳಿ ಗೇಟಿನ ಹತ್ತಿರ ಹೋಟೆಲಿನಲ್ಲಿ ತಿನ್ನುತ್ತಿದ್ದ. ಡ್ರಾಪ್ಸ್ ಹೊತ್ತಿಗೆ ಮಾತ್ರ ಎಲ್ಲಿದ್ದರೂ ಫೋನ್ ಮಾಡುತ್ತಿದ್ದ. ಹಾಕಿದರಾ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಫರೀದಾ ಒಂದು ದಿನ ದಾಳಿಂಬೆ ತಂದು ಕೊಟ್ಟು, ಉಳಿದಿದ್ದ ನಾಲ್ಕು ಸೀರೆಗಳನ್ನು ಮಡಚಿ ತೆಗೆದುಕೊಂಡಳು. ಬ್ಯಾಟರಾಯನಪುರದಲ್ಲಿ ನಿಶಾತ್ ಅಂತ ಒಬ್ಬಳು ಕಲಿಯುತ್ತಿದ್ದಾಳೆ, ನಿಮ್ಮಷ್ಟು ಸಣ್ಣ ಗಂಟು ಅವಳಿಗೆ ಬರುವುದಿಲ್ಲ ಎಂದಳು. ಮಣಿಯ ಡಬ್ಬಿಯನ್ನೂ ಒಯ್ಯಲು ನಾಗಲಕ್ಷ್ಮಿಯೇ ಹೇಳಿದಳು.

ಗೋಪಾಲಮ್ಮ ಮತ್ತೆ ಸೊಸೆಗೆ ಸ್ನಾನ ಮಾಡಿಸತೊಡಗಿದರು. ಬೆನ್ನು ಉಜ್ಜುವಾಗ, ತಲೆ ಒರೆಸುವಾಗ ಇಬ್ಬರೂ ನೀರು ಬಿಸಿಯಾಯಿತೇ, ತಣ್ಣಗಾಯಿತೇ ಎಂದಷ್ಟೇ ಮಾತಾಡುತ್ತಿದ್ದರು. ಅದರ ಆಚೆಗೆ ಒಬ್ಬರೂ ಹೆಜ್ಜೆ ಇಡಲಿಲ್ಲ.

ಮಾರ್ಚಿನಲ್ಲಿ ಎಡಗಣ್ಣಿನ ಆಪರೇಶನ್ ಆಯಿತು. ಒತ್ತಡ ಇಳಿಯಿತು, ಪೊರೆ ಹೋಯಿತು. ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮನ ಮೂಗುಬೊಟ್ಟಿನ ಕಲ್ಲು ಹೊಳೆದದ್ದು ಕಂಡಿತು. ಕಿವಿಯ ಓಲೆ ನೋಡಬೇಕೆಂದರೆ ಕತ್ತು ತಿರುಗಿಸಬೇಕು. ಇಷ್ಟು ಉಳಿಸಿಕೊಂಡಿದ್ದೇವೆ, ಇನ್ನು ಮಾತ್ರೆಯ ವಿಷಯದಲ್ಲಿ ಎಚ್ಚರ ತಪ್ಪಿದರೆ ಇದೂ ಹೋಗುತ್ತದೆ ಎಂದರು ಡಾಕ್ಟರು. ಅವಳು ಆಗಲಿ ಎಂದಳು. ಖುಷಿಯಾಯಿತೇ ಎಂದು ಇಂದು ದಾರಿಯಲ್ಲಿ ಕೇಳಿದಳು. ಆಯಿತು ಎಂದಳು. ಆಗಿರಲಿಲ್ಲ.

ಯುಗಾದಿ ಕಳೆದ ಭಾನುವಾರ ಉಮೇಶನ ಅಕ್ಕ ಅಂಜನಮ್ಮ ಚಿಕ್ಕಬಾಣಾವರದಿಂದ ಒಬ್ಬಟ್ಟು ಕಟ್ಟಿಕೊಂಡು ನೋಡಲು ಬಂದಳು. ಎಲ್ಲರೂ ನಡುಮನೆಯಲ್ಲಿ ಕೂತರು. ಅಂಜನಮ್ಮ ನಾಗಲಕ್ಷ್ಮಿಯ ಗಲ್ಲ ಹಿಡಿದು ಕಣ್ಣನ್ನು ನೋಡಿದಳು, ನಿಟ್ಟುಸಿರುಬಿಟ್ಟಳು, ಕೈಬೆರಳು ಮುಟ್ಟಿ ನೋಡಿದಳು. ಕಾಯಿಲೆ ಬಂದರೆ ಯಾರ ಕೈಲೂ ಇಲ್ಲ, ಇದು ಕೈಯಾರೆ ಮಾಡಿಕೊಂಡಿದ್ದಲ್ಲವಾ ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, ಮನೆಯಲ್ಲೇ ಇದ್ದೆಯಲ್ಲ, ನಿನಗಾದರೂ ಗೊತ್ತಾಗಬೇಡವಾ ಎಂದಳು.

ಗೋಪಾಲಮ್ಮ ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದರು.

"ನಾನೇನ್ ಕಮ್ಮಿ ಏಳಿದ್ನಾ? ಅಷ್ಟೊಂದು ನುಂಗ್‌ಬ್ಯಾಡ ಕಣೆ, ನುಂಗ್‌ಬ್ಯಾಡ ಕಣೆ ಅಂತ ಬಡ್ಕಂಡೆ. ಕೇಳ್ಬೇಕಲ್ಲ."

ನಾಗಲಕ್ಷ್ಮಿ ಕತ್ತು ತಿರುಗಿಸಿದಳು. ಮೊದಲು ಗೋಡೆ ಕಂಡಿತು, ಆಮೇಲೆ ಕ್ಯಾಲೆಂಡರು, ಟಿ.ವಿ.ಯ ಅಂಚು, ಉಮೇಶನ ಮಂಡಿ, ಕೊನೆಗೆ ಅತ್ತೆಯ ಮುಖ. ಆ ಮುಖದಲ್ಲಿ ಅಳುಕು ಇರಲಿಲ್ಲ. ನಿಜವಾಗಿಯೂ ಹೇಳಿ ಹೇಳಿ ಸೋತವರ ಮುಖ ಅದು. ಎರಡು ತಿಂಗಳು ಆ ಸುಳ್ಳನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿ ಮಲಗಿ ಮುದುಕಿ ಅದನ್ನು ನಂಬಿಬಿಟ್ಟಿದ್ದರು. ನಂಬದೆ ಇದ್ದರೆ ನಿದ್ದೆ ಎಲ್ಲಿ ಬರಬೇಕು? ಫೆಬ್ರವರಿಯಿಂದ ಕಾದರೂ ಬರದಿದ್ದ ಸಿಟ್ಟು ಈಗ ಬಂತು. ಅಂಗಾಲಿಂದ ಹತ್ತಿ ಬಂತು. ಅವಳು ಬಾಯಿ ತೆರೆದಳು. ಎಲ್ಲರೂ ಅವಳನ್ನೇ ನೋಡಿದರು. ಗೋಪಾಲಮ್ಮನೂ ನೋಡಿದರು, ಕೈಯಲ್ಲಿದ್ದ ತುಪ್ಪದ ಚಮಚ ನಿಂತಿತು.

"ಹೌದು ಅತ್ತಿಗೆ" ಎಂದಳು ನಾಗಲಕ್ಷ್ಮಿ. "ಅತ್ತೆ ದಿನಾ ಹೇಳ್ತಾನೇ ಇದ್ರು. ನಾನೇ ಕೇಳ್ಲಿಲ್ಲ."

ಗೋಪಾಲಮ್ಮನ ಮುಖ ಒಮ್ಮೆಲೇ ಕುಸಿಯಿತು. ಹಾಲಿಟ್ಟಿದ್ದೀನಿ ಎಂದು ಗೊಣಗಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಳು ಕೇಳಿಸಿತು, ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು. ಅಂಜನಮ್ಮ ತನ್ನ ಕಣ್ಣನ್ನೂ ಒರೆಸಿಕೊಂಡು, ನಮ್ಮಮ್ಮನಿಗೆ ಸೊಸೆ ಅಂದರೆ ಎಷ್ಟು ಪ್ರಾಣ ನೋಡು ಎಂದಳು. ಉಮೇಶ ತಲೆ ತಗ್ಗಿಸಿದ.

ನಾಗಲಕ್ಷ್ಮಿ ಎದ್ದಳು. ಇಂದು ಕೈ ಹಿಡಿಯಲು ಬಂದರೆ ಬೇಡವೆಂದಳು. ಗೋಡೆ ಮುಟ್ಟಿಕೊಂಡು, ಬಾಗಿಲ ಚೌಕಟ್ಟನ್ನು ಭುಜದಲ್ಲಿ ಗುರುತು ಹಿಡಿದು ಒಳಗೆ ಹೋದಳು. ಹಾಲು ಉಕ್ಕಿ ಒಲೆಯ ಮೇಲೆ ಹರಿದಿತ್ತು. ಗೋಪಾಲಮ್ಮ ಕಟ್ಟೆಗೆ ಆತುಕೊಂಡು ನಿಂತಿದ್ದರು.

"ಯಾಕಂಗಂದೆ?" ಎಂದರು ಉಸಿರಿನಲ್ಲಿ. "ಬೈದಿದ್ರೂ ತಡ್ಕಂತಿದ್ದೆ. ಯಾಕಂಗಂದೆ ನಾಗೂ?"

"ಇನ್ನೇನ್ ಅನ್ಲಿ ಅತ್ತೆ? ನಾಳೆ ಬೆಳಗಾದ್ರೆ ನಂಗೆ ನೀವೇ ಬೇಕಲ್ಲ" ಎಂದಳು ನಾಗಲಕ್ಷ್ಮಿ. "ಅವ್ರು ಹೋದ್ಮೇಲೆ ಅಳೀರಂತೆ. ಈಗ ಕಾಫಿ ಮಾಡಿ."